ಆಯಿಗಾಗಿ ತಗ್ಗಿಸಿದ ಕಾರು

ನನ್ನನ್ನು ಹೆತ್ತ ಆಯಿ ಕಾರಿನಲ್ಲಿ ಕೂತು ಶಿರಸಿ ಮುಟ್ಟುವುದು ಈ ಜನ್ಮದಲ್ಲಿ ಸಾಧ್ಯವಿಲ್ಲ ಎಂದು ತೀರ್ಪು ಕೊಟ್ಟವರು ಸುಬ್ರಾಯ ಮಾವ, ಅಂದರೆ ಆಯಿಯ ಸ್ವಂತ ತಮ್ಮ. “ಅದು ಆಪದಲ್ಲ ಹೋಪದಲ್ಲ ತಮಾ,” ಎಂದು ಎಲೆಗೆ ಸುಣ್ಣ ಹಚ್ಚುತ್ತಲೇ ಹೇಳಿದರು. ಇದೇ ಮಾತನ್ನು ಇದೇ ದನಿಯಲ್ಲಿ ಅವರು ನನ್ನ ಬಿ.ಎಸ್ಸಿ. ಬಗ್ಗೆಯೂ ಹೇಳಿದ್ದರು. ಅವರದೇನೂ ತಪ್ಪಿಲ್ಲ. ನನ್ನ ಅಪ್ಪಯ್ಯ ನಿಲ್ಕುಂದದ ಸುತ್ತಲಿನ ಮದುವೆ-ಮುಂಜಿಗಳಲ್ಲಿ ಅಡಿಗೆ ಮಾಡಿ ನಮ್ಮನ್ನು ಸಾಕಿದವರು. ನಮ್ಮ ಮನೆತನದಲ್ಲಿ ಏಳನೇ ಇಯತ್ತೆ ದಾಟಿದವರೇ ಇರಲಿಲ್ಲ. ನಾನು ರಜೆಯಲ್ಲಿ ಅಪ್ಪಯ್ಯನ ಜೊತೆ ಹಂಡೆ ತೊಳೆದು, ಶಿರಸಿಯ ಕಾಲೇಜಿನಲ್ಲಿ ಓದಿ, ಭೌತಶಾಸ್ತ್ರವನ್ನು ಮೂರನೆಯ ದಂಡಯಾತ್ರೆಯಲ್ಲಿ ಗೆದ್ದೆ. ಅಂದಿನಿಂದ ನನಗೊಂದು ಕಾಯಿಲೆ ಅಂಟಿಕೊಂಡಿದೆ. ಯಾರಾದರೂ ಆಗದು ಎಂದರೆ ಆಗಿಸಿಯೇ ತೋರಿಸಬೇಕು, ಅದೂ ಸೂತ್ರ ಬರೆದು ತೋರಿಸಬೇಕು. ಅಪ್ಪಯ್ಯ ಐನೂರು ಜನರ ಸಾರನ್ನು ನಾಲಿಗೆಗೆ ತಾಗಿಸದೆ, ಬರೇ ಪರಿಮಳದಲ್ಲೇ ಉಪ್ಪು ಹದ ಹೇಳುತ್ತಿದ್ದರು. ನನಗೆ ಮಾತ್ರ ಕಾಗದದ ಮೇಲೆ ಲೆಕ್ಕ ಕೂಡದೆ ಯಾವುದರಲ್ಲೂ ನಂಬಿಕೆ ಬರುವುದಿಲ್ಲ.

ಆಗ ನಾನು ಯಲ್ಲಾಪುರದಲ್ಲಿ ಮನೆ ಮಾಡಿಕೊಂಡು ವಜ್ರಳ್ಳಿಯ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ದಿನಾ ಓಡಾಡಲಿಕ್ಕೆ ಹಳೆಯದೊಂದು ಪುಟ್ಟ ಕಾರು ಕೊಂಡಿದ್ದೆ. ಬೆಳಿಗ್ಗೆ ಪ್ರಾರ್ಥನೆಯ ಗಂಟೆ ಬಾರಿಸುವುದಕ್ಕೂ ನನ್ನ ಕಾರು ಗೇಟಿನೊಳಗೆ ನುಗ್ಗುವುದಕ್ಕೂ ಸರಿಯಾಗಿ ತಾಳೆಯಾಗುತ್ತಿತ್ತು. ಅದರ ಬಗ್ಗೆ ನನಗೆ ಸಣ್ಣ ಹೆಮ್ಮೆಯೂ ಇತ್ತು. ಆದರೆ ಆ ಕಾರಿನಲ್ಲಿ ಆಯಿಯನ್ನು ಕೂರಿಸಿಕೊಂಡು ಹೊರಟರೆ ಊರು ದಾಟಿ ನಾಲ್ಕು ತಿರುವು ಕಳೆಯುವಷ್ಟರಲ್ಲಿ ಅವಳ ಮುಖ ಬಿಳಿಚಿಕೊಳ್ಳುತ್ತಿತ್ತು. “ನಿಲ್ಸು, ನಿಲ್ಸು” ಎನ್ನುವುದರೊಳಗೆ ಬೆಳಗಿನ ತಿಂಡಿ ರಸ್ತೆಗೆ ಸಮರ್ಪಣೆ. ಬಸ್ಸಿನಲ್ಲೂ ಇದೇ ಕಥೆ. ಶಿರಸಿಯಲ್ಲಿ ಅವಳ ಅಕ್ಕ, ನನ್ನ ದೊಡ್ಡಾಯಿ, ನಡೆಯಲಾರದೆ ಹಾಸಿಗೆ ಹಿಡಿದಿದ್ದಳು. ಅಕ್ಕ-ತಂಗಿ ಮುಖ ನೋಡಿ ನಾಲ್ಕು ವರ್ಷವಾಗಿತ್ತು. ಮನೆ ಮುಂದೆ ಕಾರು ನಿಂತಿದೆ, ತಂಗಿ ಹೋಗುವ ಹಾಗಿಲ್ಲ. ಪದವೀಧರ ಮಗ ಇರುವುದು ಮತ್ತೆ ಯಾತಕ್ಕೆ?

ನಾನು ಕಾಗದ ತೆಗೆದುಕೊಂಡು ಕಾರಿನ ಚಿತ್ರ ಬರೆದೆ. ಕಾರು ಎತ್ತರವಿದ್ದರೆ ಗುರುತ್ವ ಕೇಂದ್ರ ಮೇಲಿರುತ್ತದೆ, ತಿರುವಿನಲ್ಲಿ ಮೈ ವಾಲುತ್ತದೆ, ವಾಲಿದರೆ ಹೊಟ್ಟೆ ತೊಳಸುತ್ತದೆ. ಕಾರನ್ನು ತಗ್ಗಿಸಿದರೆ ವಾಲಾಟ ನಿಲ್ಲುತ್ತದೆ. ಆಯಿ ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿ, “ಎಂತೋಪ, ಓದ್ದವ ನೀನು,” ಎಂದಳು. ಅದನ್ನೇ ಒಪ್ಪಿಗೆ ಎಂದು ತಿಳಿದು ಹುಬ್ಬಳ್ಳಿಗೆ ಹೋದೆ. ಅಲ್ಲಿಯ ಮೆಕ್ಯಾನಿಕ್ ಗಿಡ್ಡ ಸ್ಪ್ರಿಂಗು, ಬಿಗಿಯಾದ ಶಾಕ್ ಅಬ್ಸಾರ್ಬರ್ ಕೂರಿಸಿ, “ಈಗ ಓಡಿಸಿ ನೋಡ್ರಿ ಸರ, ರೋಡಿಗೆ ಗೋಂದು ಹಚ್ಚಿದಂಗ ಹಿಡೀತೈತಿ,” ಎಂದ. ಬರುವಾಗ ಕಿರವತ್ತಿಯ ಢಾಬಾದಲ್ಲಿ ಚಹಾಕ್ಕೆ ನಿಂತೆ. ಲಾರಿ ಡ್ರೈವರೊಬ್ಬ ಕಾರನ್ನು ಒಂದು ಸುತ್ತು ಹಾಕಿ ಬಂದು, ಬಹಳ ಕನಿಕರದಿಂದ, “ನಾಲ್ಕೂ ಗಾಲಿ ಒಮ್ಮೆಲೇ ಪಂಚರ್ ಆಗ್ಯಾವೇನ್ರಿ ಸರ?” ಎಂದು ಕೇಳಿದ.

ಇಲ್ಲೊಂದು ತಪ್ಪು ಮಾಡಿದೆ. ಗಾಡಿಯ ಸ್ಪ್ರಿಂಗಿನ ಉಕ್ಕು ಎಂದರೆ ನಮ್ಮ ಕಡೆ ಯಾರೂ ಬಿಡುವುದಿಲ್ಲ. ಅದರ ಕತ್ತಿಗಿರುವ ಹರಿತ ಬೇರೆ ಯಾವ ಕಬ್ಬಿಣಕ್ಕೂ ಇಲ್ಲ. ಬಿಚ್ಚಿದ ನಾಲ್ಕೂ ಸ್ಪ್ರಿಂಗನ್ನು ಡಿಕ್ಕಿಯಲ್ಲಿ ಹಾಕಿಕೊಂಡು ಬಂದವನು ವಜ್ರಳ್ಳಿಯ ಆಚಾರಿಗೆ ಕೊಟ್ಟುಬಿಟ್ಟೆ. ಅವನು ಅವನ್ನು ಕಾಸಿ, ಬಡಿದು, ತರಕಾರಿ ಹೆಚ್ಚುವ ಮೆಟ್ಟುಗತ್ತಿ ಮಾಡಿಕೊಟ್ಟ. ಒಂದು ನಮ್ಮನೆಗೆ, ಎರಡು ಶಾಲೆಯ ಮಾಸ್ತರರಿಗೆ, ಒಂದು ನಿಲ್ಕುಂದದ ಸುಬ್ರಾಯ ಮಾವನಿಗೆ. ಎಲ್ಲರೂ ಹೊಗಳಿದರು.

ಆಯಿಯನ್ನು ಕೂರಿಸಿಕೊಂಡು ಶಿರಸಿಗೆ ಹೊರಟ ದಿನ ನಾನು ರಸ್ತೆಯಿಂದ ಕಣ್ಣು ಕೀಳಲಿಲ್ಲ. ರಸ್ತೆಯ ಒಂದೊಂದು ಹೊಂಡವೂ ಕಾರಿನ ಹೊಟ್ಟೆಯನ್ನು ಕೆರೆಯಲು ಕಾದಿತ್ತು. ಹಂಪು ಬಂದಲ್ಲೆಲ್ಲ ನಾನು ನಿಲ್ಲಿಸುವುದು, ಆಯಿ ಇಳಿದು ನಡೆಯುವುದು, ನಾನು ಖಾಲಿ ಕಾರನ್ನು ಓರೆಯಾಗಿ ದಾಟಿಸುವುದು, ಅವಳು ಮತ್ತೆ ಸೊಂಟ ಹಿಡಿದುಕೊಂಡು ಹತ್ತುವುದು. ಮಂಚಿಕೇರಿಯ ಹತ್ತಿರ ಇಳಿದವಳು ಗದ್ದೆಯಂಚಿನಲ್ಲಿ ತಂಬುಳಿಗೆ ಸಾಕಾಗುವಷ್ಟು ಒಂದೆಲಗ ಕೊಯ್ದುಕೊಂಡೇ ಬಂದಳು. ಆದರೆ ಶಿರಸಿ ಮುಟ್ಟಿದಾಗ ಅವಳ ಮುಖ ಬಿಳಿಚಿರಲಿಲ್ಲ! ಒಂದು ಸಲವೂ ವಾಂತಿಯಾಗಲಿಲ್ಲ! ದೊಡ್ಡಾಯಿ ತಂಗಿಯ ಕೈ ಹಿಡಿದು ಎಳೆದು ಹಾಸಿಗೆಯ ಮೇಲೆ ಪಕ್ಕದಲ್ಲೇ ಕೂರಿಸಿಕೊಂಡಳು. ಆಮೇಲೆ ಇಬ್ಬರೂ ಒಂದೇ ಸಲ ಮಾತು ಶುರು ಮಾಡಿದರು. ನಾನು ಜಗಲಿಯಲ್ಲಿ ಕೂತು, ಮೂರು ಸಲ ಪರೀಕ್ಷೆಗೆ ಕಟ್ಟಿದ್ದು ಸಾರ್ಥಕವಾಯಿತು ಎಂದುಕೊಂಡೆ. ಅಂದಿನಿಂದ ತಿಂಗಳಿಗೊಂದು ಸಲ ಹೋಗುವುದು ರೂಢಿಯಾಯಿತು. ಸುಬ್ರಾಯ ಮಾವ ಮಾತ್ರ ಪೂರ್ತಿ ಸೋಲಲಿಲ್ಲ. “ಅಕ್ಕಯ್ಯ ಕಾರಲ್ಲಿ ಹೋಗಿದ್ದಾ, ಕಾರಿನ ಜೊತಿಗೆ ನಡ್ಕಂಡು ಹೋಗಿದ್ದಾ?” ಎಂದು ಕೇಳಿದರು.

ಹೀಗಿರುವಾಗ ಕಾರಿಗೆ ಹದಿನೈದು ವರ್ಷ ತುಂಬಿತು. ನೋಂದಣಿ ಹೊಸದು ಮಾಡಿಸದಿದ್ದರೆ ರಸ್ತೆಗಿಳಿಸುವಂತಿಲ್ಲ. ಶಿರಸಿಯ ಆರ್.ಟಿ.ಓ. ಕಚೇರಿಯಲ್ಲಿ ತಪಾಸಣೆಗೆ ನಿಲ್ಲಿಸಿದೆ. ಸಾಹೇಬರು ಸಭ್ಯರು. ಬಗ್ಗಿ ನೋಡಿ, ಇನ್ನೂ ಬಗ್ಗಿ ನೋಡಿ, ಎದ್ದು ನಿಂತು ಮೊಣಕಾಲಿನ ಮಣ್ಣು ಕೊಡವಿಕೊಂಡರು.

“ಇದು ಕಂಪನಿಯವರು ಕೊಟ್ಟ ಎತ್ತರ ಅಲ್ಲವಲ್ಲ ಮಾಸ್ತರೇ. ಮೊದಲಿನ ಸ್ಪ್ರಿಂಗೇ ಹಾಕಿಸಿ ತನ್ನಿ, ಪಾಸು ಮಾಡ್ತೇನೆ. ಎಲ್ಲಿವೆ ಅವು?”

“ಅಡಿಗೆಮನೆಯಲ್ಲಿವೆ ಸರ್.”

“ಒಳ್ಳೆಯದಾಯ್ತು, ಜೋಪಾನವಾಗಿ ಇಟ್ಟಿದ್ದೀರಿ.”

“ನಾಲ್ಕು ಅಡಿಗೆಮನೆಯಲ್ಲಿವೆ ಸರ್,” ಎಂದು ವಿವರಿಸಬೇಕಾಯಿತು.

ಮನೆಗೆ ಬಂದು ಆಯಿಗೆ ಹೇಗೋ ವಿಷಯ ಹೇಳಿದೆ. ಕಾರು ತಗ್ಗಿಯೇ ಇದ್ದರೆ ಕಾಗದವಿಲ್ಲ. ಎತ್ತರಿಸಿದರೆ ಕಾಗದ ಸಿಗುತ್ತದೆ, ಆಯಿಗೆ ಅಕ್ಕ ಸಿಗುವುದಿಲ್ಲ. ಕಾನೂನು ಮತ್ತು ತಾಯಿಯ ಹೊಟ್ಟೆಯ ನಡುವೆ ಸಿಕ್ಕಿಕೊಂಡವನಿಗೆ ಯಾವ ಪಠ್ಯಪುಸ್ತಕದಲ್ಲೂ ಸೂತ್ರವಿಲ್ಲ. ಕೊನೆಗೆ ಗುಜರಿಯಲ್ಲಿ ಅದೇ ಜಾತಿಯ ಸ್ಪ್ರಿಂಗು ಹುಡುಕಿ ಹಾಕಿಸಿದೆ. ಕಾರು ಮತ್ತೆ ತಲೆ ಎತ್ತಿ ನಿಂತಿತು, ನಾನು ತಲೆ ತಗ್ಗಿಸಿದೆ. ಶಿರಸಿಗೆ ಹೊರಟ ಬೆಳಿಗ್ಗೆ ನೋಡಿದರೆ ಆಯಿ ಸೀರೆ ಉಟ್ಟು, ಚೀಲ ಹಿಡಿದು ಕಾರಿನ ಹತ್ತಿರ ನಿಂತಿದ್ದಾಳೆ! ಬೇಡ ಎಂದರೂ ಕೇಳಲಿಲ್ಲ. ಗುಜರಿಯ ಸ್ಪ್ರಿಂಗು ತಪಾಸಣೆಗೆ ಮೊದಲೇ ಎಲ್ಲಿ ಕೈಕೊಡುತ್ತದೋ ಎಂಬ ಭಯಕ್ಕೆ, ಬಾಣಂತಿಯನ್ನು ಕರೆದೊಯ್ಯುವವನ ಹಾಗೆ ಓಡಿಸಿದೆ. ಆಯಿ ಒಂದು ಸಲವೂ ಇಳಿಯಲಿಲ್ಲ. ಅವಳು ಕಿಟಕಿಯಾಚೆ ನೋಡುತ್ತಾ ಕೂತಳು, ನಾನು ಕನ್ನಡಿಯಲ್ಲಿ ಅವಳ ಮುಖ ನೋಡುತ್ತಾ ಓಡಿಸಿದೆ. ಮಂಚಿಕೇರಿ ದಾಟಿತು, ಶಿರಸಿಯೂ ಬಂತು. ಏನೂ ಆಗಲಿಲ್ಲ. ನನ್ನ ಗುರುತ್ವ ಕೇಂದ್ರ ಎಲ್ಲಿ ಹೋಯಿತೆಂದು ನನಗೇ ತಿಳಿಯಲಿಲ್ಲ.

ಆಯಿಯನ್ನು ದೊಡ್ಡಾಯಿಯ ಮನೆಯಲ್ಲಿ ಇಳಿಸಿ ಕಚೇರಿಗೆ ಹೋದೆ. ಸಾಹೇಬರು ಈ ಸಲ ಒಮ್ಮೆ ಮಾತ್ರ ಬಗ್ಗಿದರು. ಮಧ್ಯಾಹ್ನದ ಮೇಲೆ ಹೊಸ ನೋಂದಣಿ ಪತ್ರ ಕೈಗೆ ಬಂತು. ಓಡಿ ಬಂದು ಆಯಿಯ ಕೈಯಲ್ಲಿಟ್ಟು, “ಆಯಿ, ಕಾರು ಎತ್ತರ ಆದ್ರೂ ನಿಂಗೆ ಎಂತೂ ಆಗ್ಲಿಲ್ಲೆ, ನೋಡು!” ಎಂದೆ. ಅವಳು ಪತ್ರವನ್ನು ಮಡಿಚಿ ಹಿಂದಕ್ಕೆ ಕೊಟ್ಟಳು.

“ಮೊದ್ಲೂ ವಾಂತಿ ಸ್ಪ್ರಿಂಗಿಂದ ನಿಂತಿದ್ದಲ್ಲ ತಮಾ. ಆವಾಗ ನೀನು ಕಾರಿನ ಹೊಟ್ಟೆ ಬಡೀತು ಹೇಳಿ ಹೆದ್ರಿ ನಿಧಾನ ಹೊಡೀತಿದ್ದೆ. ಇವತ್ತು ಈ ಕಾಗದಕ್ಕೆ ಹೆದ್ರಿ ನಿಧಾನ ಬಂದೆ. ಈಗ ವಾಪಸ್ ಹೋಪಕಾದ್ರೆ ಯಾವ್ದಕ್ಕೆ ಹೆದರ್ತೆ ಹೇಳಿ ಇಲ್ಲೇ ಹೇಳ್ಬಿಡು. ಇಲ್ದಿದ್ರೆ ಆನು ಅಕ್ಕನ ಮನೆ ಬಿಟ್ಟು ಬಪ್ಪದಿಲ್ಲೆ.”