ಪಿ.ಟಿ. ಮೇಷ್ಟ್ರ ಹೆಬ್ಬೆರಳು

ಮೂವತ್ತು ತುಂಬುವ ಮೊದಲೇ ಗೌಟ್ ಎಂಬ ಕೀಲುನೋವು ಬಂದರೆ ಅರ್ಧ ಪ್ರಾಣವನ್ನು ನೋವು ತಿನ್ನುತ್ತದೆ, ಇನ್ನರ್ಧವನ್ನು ಜನ ತಿನ್ನುತ್ತಾರೆ. ನಾನು ಟಿ. ನರಸೀಪುರದ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು, ಊರು ನಂಜನಗೂಡು ಕಡೆಯ ಹದಿನಾರು ಎಂಬ ಹಳ್ಳಿ. ಮದುವೆ ಗೊತ್ತಾದ ತಿಂಗಳಲ್ಲೇ ಎಡಗಾಲ ಹೆಬ್ಬೆರಳಿಗೆ ಈ ಶನಿ ವಕ್ಕರಿಸಿತು. ಹುಡುಗಿ ಕಡೆಯವರಿಗೆ ತಿಳಿದರೆ ಸಂಬಂಧ ಮುರಿಯುತ್ತದೆಂದು ಅವ್ವನಿಗೆ ಭಯ. ನನಗೆ ಅವಳಿಗಿಂತ ಹೆಚ್ಚು, ಹುಡುಗಿ ಅಷ್ಟು ಹಿಡಿಸಿಬಿಟ್ಟಿದ್ದಳು.

೧. ಎಲ್ಲಿ ಬಿದ್ದೆ?

ಬೆಳಿಗ್ಗೆ ಎದ್ದು ನೋಡಿದರೆ ಬೆರಳು ಹಣ್ಣಾದ ಟೊಮ್ಯಾಟೊ. ಹೊದಿಕೆ ತಗುಲಿದರೂ ಜೀವ ಹೋಗುತ್ತಿತ್ತು. ನಂಜನಗೂಡಿನ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, "ಯೂರಿಕ್ ಆಸಿಡ್ ಜಾಸ್ತಿಯಾಗಿ ಕೀಲಲ್ಲಿ ಹರಳು ಕಟ್ಟಿದೆ. ಬಾಡು, ಬಿಯರು ಬಿಡಿ" ಅಂದರು.

ಬಸ್ಸಿಳಿದು ಕುಂಟುತ್ತ ಬರುವಾಗ ದೊಡ್ಡಪ್ಪ ಎದುರಾದರು.

"ಎಲ್ ಬಿದ್ದಲಾ?"

"ಬಿದ್ದಿಲ್ಲ ದೊಡ್ಡಪ್ಪ."

"ಅಂಗಾದ್ರೆ ಯಾರ್ಗ್ ಒದ್ದೆ?"

"ಒದ್ದೂ ಇಲ್ಲ."

ದೊಡ್ಡಪ್ಪ ಪಕ್ಕದವರ ಕಡೆ ತಿರುಗಿದರು. "ಬಿದ್ದಿಲ್ವಂತೆ, ಒದ್ದಿಲ್ವಂತೆ. ರಜಾ ಆಕಕ್ಕೆ ಕಣ್ಲಾ ಇದು!"

೨. ಬರೀ ರಸ

ನಮ್ಮ ಕಡೆ ಕಾಲು ನೋವೆಂದರೆ ಮದ್ದು ಒಂದೇ, ಮೇಕೆ ಕಾಲಿನ ಸೂಪು. ಚಿಕ್ಕವ್ವ ದೊಡ್ಡ ಡಬ್ಬಿ ತುಂಬ ತಂದಳು.

"ಬಾಡು ತಿನ್ನಬಾರದಂತೆ ಚಿಕ್ಕವ್ವ."

"ಬಾಡೆಲ್ಲೈತೆ ಮಗ? ಬರೀ ರಸ. ಕುಡಿ!"

ಕುಡಿದೆ. ಮರುದಿನ ಬಲಗಾಲ ಹೆಬ್ಬೆರಳೂ ಊದಿತು. ಚಿಕ್ಕವ್ವ ಬಂದು ನೋಡಿ ಬಹಳ ನೊಂದುಕೊಂಡಳು. "ಎಲ್ಡು ಕಾಲ್ಗೂ ಆಗೋಷ್ಟು ತರ್ಬೇಕಿತ್ತು ಕಣ್ಮಗ."

೩. ಗಂಡಿನ ಬೇಡಿಕೆ

ಮದುವೆ ದಿನ ಬೆಳಿಗ್ಗೆ ಎಡಗಾಲು ಮತ್ತೆ ಕೆಂಡವಾಯಿತು. ಹಲ್ಲು ಕಚ್ಚಿಕೊಂಡು ಹಸೆಮಣೆ ಮೇಲೆ ಕೂತೆ. ಧಾರೆಗೆ ಮೊದಲು ಮಾವ ಅಳಿಯನ ಕಾಲು ತೊಳೆಯುವ ಶಾಸ್ತ್ರ. ಸೋಮನಾಥಪುರದ ನಮ್ಮ ಮಾವನದು ಕಬ್ಬು ಕಡಿದು ಗಟ್ಟಿಯಾದ ಕೈ. ಪ್ರೀತಿ ಉಕ್ಕಿ ಅದೇ ಬೆರಳನ್ನು ಹಿಡಿದು ತಿಕ್ಕಿದರು.

"ಬ್ಯಾಡಾ! ಬುಟ್ಬುಡಿ!" ಎಂದು ಕಿರುಚಿದೆ.

ವಾಲಗ ನಿಂತಿತು. "ಗಂಡು ಬ್ಯಾಡ ಅಂತಾವ್ನೆ!" ಎಂದು ಯಾರೋ ಕೂಗಿದರು. ಅತ್ತೆ ಅಳತೊಡಗಿದರು, ಅವ್ವ ಕುಸಿದು ಕೂತಳು. ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ಇವಳು ಕೈತಪ್ಪಿಹೋದಳಲ್ಲಪ್ಪ ಎಂದು ನನಗೆ ನಿಜಕ್ಕೂ ಕಣ್ಣು ತುಂಬಿತು.

ಅವಳ ಸೋದರಮಾವ ಪಂಚೆ ಎತ್ತಿ ಕಟ್ಟಿಕೊಂಡು ಬಂದರು. "ಏನ್ ಬೇಕು ಏಳ್ಬುಡಿ. ಬೈಕಾ? ಕಾರಾ?"

ಆ ನೋವಿನಲ್ಲಿ ನನ್ನ ಬಾಯಿಂದ ಹೊರಟಿದ್ದು ಒಂದೇ ಮಾತು: "ಐಸು!"

ಹುಡುಗಿ ಬಗ್ಗಿ ನನ್ನ ಬೆರಳು ನೋಡಿದಳು. "ಅಪ್ಪಾ, ಕೈ ಬುಡು, ಊದ್ಕಂಡೈತೆ" ಎಂದು ಐಸ್‌ಕ್ರೀಮಿನವನ ಡಬ್ಬದಿಂದ ಐಸು ತರಿಸಿ, ಬಟ್ಟೆಯಲ್ಲಿ ಸುತ್ತಿ, ತಾನೇ ಒತ್ತಿ ಹಿಡಿದಳು. ನನಗೆ ಹೋದ ಜೀವ ಬಂದಂತಾಯಿತು.

ಸೋದರಮಾವ ಪಂಚೆ ಇಳಿಸಿ, ಛತ್ರಕ್ಕೆಲ್ಲ ಕೇಳುವಂತೆ ಕೂಗಿದರು: "ಬೈಕ್ ಕೇಳೋರ್ನ ಕಂಡಿವ್ನಿ, ಕಾರ್ ಕೇಳೋರ್ನ ಕಂಡಿವ್ನಿ, ಐಸ್ ಕೇಳೋ ಅಳಿಯನ್ನ ಇವತ್ತೇ ಕಂಡಿದ್ದು! ಅಕ್ಕೋ, ಇಂತ ಅಗ್ಗದ ಗಂಡು ಇನ್ನೆಲ್ಲೂ ಸಿಕ್ಕಲ್ಲ, ಬ್ಯಾರೆ ಏನಾರ ಕೇಳೋಕ್ ಮುಂಚೆ ತಾಳಿ ಕಟ್ಟಿಸ್ಬುಡು!"