ಹೆಂಡಿ ಸಾಲಲಿಲ್ಲವೆಂಬ ಸುಳ್ಳು

ಹೆದರಬೇಡಿ ಎಂದು ಹತ್ತು ಮಂದಿಗೆ ಹೇಳಿಕೊಂಡು ತಿರುಗುವವನನ್ನು ನಾನು ಪೂರ್ತಿ ನಂಬುವುದಿಲ್ಲ. ಏಕೆಂದರೆ ಅದನ್ನೇ ಹೇಳಿಕೊಂಡು ತಿರುಗಿ ಸರ್ಕಾರದ ಸಂಬಳ ಉಂಡವನು ನಾನು. ಎಂಬತ್ತರ ದಶಕದಲ್ಲಿ ದೇವದುರ್ಗದಲ್ಲಿ ಗ್ರಾಮಸೇವಕನಾಗಿದ್ದೆ. ಓದು ಹೈಸ್ಕೂಲಿಗೆ ಮುಗಿದಿತ್ತು, ಅಂಜಿಕೆ ಮಾತ್ರ ಹುಟ್ಟಿದಾಗಿನಿಂದ ನಡೆದೇ ಇತ್ತು. ಹೆಂಡತಿ ಪಂಪ್ ಸ್ಟೋವ್ ಹೊತ್ತಿಸುವಾಗ ನಾನು ಅಂಗಳದಲ್ಲಿ ಇರುತ್ತಿದ್ದೆ. ದೀಪಾವಳಿಯಲ್ಲಿ ಮನೆಯೊಳಗೆ ಇರುತ್ತಿದ್ದೆ. ಮೇಲಧಿಕಾರಿ ಬರುತ್ತಾರೆಂದರೆ ಎಲ್ಲಿಯೂ ಇರುತ್ತಿರಲಿಲ್ಲ. ಇಂಥವನ ಪಾಲಿಗೆ ಗೋಬರ್ ಗ್ಯಾಸಿನ ಪ್ರಚಾರ ಬಂತು. ನೆಲದಲ್ಲಿ ಬಾವಿಯಂಥ ಗುಂಡಿ, ಅದರ ತುಂಬ ಸಗಣಿ ಕಲಸಿದ ನೀರು, ಅದರ ಮೇಲೆ ಬೋರಲು ಹಾಕಿದ ಕಬ್ಬಿಣದ ಡ್ರಮ್ಮು. ಒಳಗೆ ಗ್ಯಾಸು ತುಂಬಿದಂತೆ ಡ್ರಮ್ಮು ಮೇಲೇಳುತ್ತದೆ, ಗ್ಯಾಸು ಕೊಳವೆಯಲ್ಲಿ ಒಲೆಗೆ ಹೋಗುತ್ತದೆ. ಹುಲ್ಲು ಇರುವ ತನಕ ಎಮ್ಮೆ, ಎಮ್ಮೆ ಇರುವ ತನಕ ಗ್ಯಾಸು, ಕಲ್ಲಿದ್ದಲಿನಂತೆ ಮುಗಿದುಹೋಗುವ ಉರುವಲಲ್ಲ ಇದು, ಅರ್ಧ ಖರ್ಚು ಸರ್ಕಾರದ್ದೇ ಎಂದು ರಾಯಚೂರಿನ ತರಬೇತಿಯಲ್ಲಿ ನಮಗೆ ಬಾಯಿಪಾಠ ಮಾಡಿಸಿದ್ದರು. ಡ್ರಮ್ಮು ಸಿಡಿದರೆ ಏನು ಮಾಡಬೇಕು ಎಂದು ನಾನೊಬ್ಬನೇ ಕೇಳಿದೆ. ಎಲ್ಲರೂ ನಕ್ಕರು. ಆ ಪ್ರಶ್ನೆ ನನ್ನ ಜೊತೆಗೇ ದೇವದುರ್ಗಕ್ಕೆ ವಾಪಸು ಬಂತು.

ಮಸರಕಲ್ಲು ಎಂಬ ಹಳ್ಳಿಯ ಕಟ್ಟೆಯ ಮೇಲೆ ನಿಂತು ಮೊದಲ ಭಾಷಣ ಮಾಡಿದೆ. ಜನ ತಲೆದೂಗಿದರು. ಆಗ ಹಿಂದಿನಿಂದ ದುರುಗವ್ವ ಎದ್ದು ನಿಂತಳು. ಎರಡು ಎಮ್ಮೆ ಕಟ್ಟಿಕೊಂಡು ಹಾಲು ಮಾರುತ್ತಿದ್ದ ಹೆಂಗಸು. ಕುಳ್ಳಿನ, ಅಂದರೆ ಬೆರಣಿಯ, ಹೊಗೆಗೆ ಕಣ್ಣು ಸದಾ ಕೆಂಪು, ಸೆರಗಿನ ತುದಿ ಸದಾ ಒದ್ದೆ. "ಯಪ್ಪಾ, ಇಷ್ಟೆಲ್ಲಾ ಹೇಳಾಕತ್ತೀರಿ. ನಿಮ್ಮ ಮನ್ಯಾಗ ಅದ ಏನ್ರಿ ಇದು?" ಎಂದು ಕೇಳಿದಳು. ಕಟ್ಟೆಯ ಮೇಲಿದ್ದವರೆಲ್ಲ ನನ್ನ ಮುಖ ನೋಡಿದರು. "ಈ ತಿಂಗಳೇ ಕಟ್ಟಿಸಾಕತ್ತೀನಿ ಯವ್ವಾ" ಎಂದುಬಿಟ್ಟೆ. "ಹಂಗಾದ್ರ ನಿಮ್ಮ ಒಲಿ ಹೊತ್ತಿದ ಮ್ಯಾಲೆ ನನ್ನ ಹೆಸರು ಬರ್ಕೋರಿ. ಈ ಕಣ್ಣು ಹೋಗೂದ್ರಾಗ ಹೊತ್ತಿಸ್ರಿ ಮತ್ತ" ಎಂದು ಕೂತಳು. ಎಲ್ಲರೂ ನಕ್ಕರು. ಅವಳು ನಗಲಿಲ್ಲ.

ಹೀಗೆ ನನ್ನ ಹಿತ್ತಿಲಿಗೆ ಗೋಬರ್ ಗ್ಯಾಸು ಬಂತು. ನನ್ನ ಹೆಂಡತಿ ಶಾಂತಮ್ಮನಿಗೆ ಮದುವೆಯಾದಾಗ ಕೂಡ ಅಷ್ಟು ಸಂತೋಷವಾಗಿರಲಿಲ್ಲ. ನಮ್ಮವೂ ಎರಡೇ ಎಮ್ಮೆ. ದಿನಾ ಮುಂಜಾನೆ ಸೆರಗು ಸಿಕ್ಕಿಸಿಕೊಂಡು ಮೊಣಕೈವರೆಗೆ ಸಗಣಿ ಕಲಸಿ ಗುಂಡಿಗೆ ಸುರಿಯುವಳು. ಡ್ರಮ್ಮು ರಾಯಚೂರಿನಲ್ಲಿ ಮಾಡಿಸಿದ್ದು. ಬೆಸುಗೆ ಹಾಕಿದ ಖಾಸಿಂ ಸಾಬ, "ಏಕ್‌ದಂ ಪಕ್ಕಾ ಅದ, ಫಿಕರ್ ಮಾಡಬ್ಯಾಡ್ರಿ" ಎಂದು ಅದಕ್ಕೆ ಸುತ್ತಿಗೆಯಿಂದ ಒಂದು ಬಾರಿಸಿ ತೋರಿಸಿದ್ದ. ಫಿಕರ್ ಶುರುವಾದದ್ದು ಅಲ್ಲಿಂದಲೇ. ಕೆಲವು ವಾರ ಡ್ರಮ್ಮು ಮಲಗಿಯೇ ಇತ್ತು, ನಾನೂ ನೆಮ್ಮದಿಯಾಗಿ ಮಲಗುತ್ತಿದ್ದೆ. ಒಂದು ಬೆಳಗ್ಗೆ ಬೇವಿನ ಕಡ್ಡಿ ಅಗಿಯುತ್ತ ಹಿತ್ತಿಲಿಗೆ ಹೋದರೆ ಅದು ಗೇಣುದ್ದ ಮೇಲೆದ್ದಿದೆ! ಮುಟ್ಟಿದವರಿಲ್ಲ, ಎತ್ತಿದವರಿಲ್ಲ, ಅಷ್ಟು ಭಾರದ ಕಬ್ಬಿಣ ತಾನಾಗಿ ಎದ್ದಿದೆ. ಒಳಗಿಂದ ಗುಳುಗುಳು ಸದ್ದು ಬೇರೆ, ಯಾರೋ ನೀರಿನೊಳಗೆ ನನ್ನ ಹೆಸರು ಹೇಳಿದ ಹಾಗೆ. ಕೈ ತಾನೇ ಹೋಗಿ ವಾಲ್ವು ತಿರುಗಿಸಿತು. ಗ್ಯಾಸು ಬುಸ್ಸೆಂದು ಗಾಳಿಗೆ ಹೋಯಿತು, ಡ್ರಮ್ಮು ಕುಸಿಯಿತು, ನನ್ನ ಅಂಜಿಕೆಯೂ ಅದರೊಟ್ಟಿಗೆ ಕೆಳಗಿಳಿಯಿತು. ಆಮೇಲೆ ಅದೇ ನನ್ನ ನಿತ್ಯವಿಧಿಯಾಯಿತು. ಶಾಂತಮ್ಮ ಏಳುವ ಮುಂಚೆ ಬೇವಿನ ಕಡ್ಡಿ ಬಾಯಲ್ಲಿ, ವಾಲ್ವು ಕೈಯಲ್ಲಿ. ಹಗಲಿಗೆ ಹಳ್ಳಿಯಲ್ಲಿ ನಿಂತು "ಅಂಜೂದು ಏನೂ ಇಲ್ರಪ್ಪಾ" ಎಂಬ ಭಾಷಣ.

ಪಾಪ, ಶಾಂತಮ್ಮ ತಪ್ಪೆಲ್ಲ ತನ್ನದೇ ಎಂದುಕೊಂಡಳು. ನಮ್ಮ ಕಡೆ ಸಗಣಿಗೆ ಹೆಂಡಿ ಎನ್ನುತ್ತಾರೆ. "ಹೆಂಡಿ ಸಾಲವಲ್ದು ಕಾಣ್ತದ್ರಿ" ಎಂದು ಬಾಜೂ ಮನೆಯ ಬಸಣ್ಣನ ಕೊಟ್ಟಿಗೆಯಿಂದಲೂ ಬುಟ್ಟಿ ತುಂಬ ತರತೊಡಗಿದಳು. ಅವಳು ಎರಡು ಮನೆಯ ಹೆಂಡಿ ಹಾಕಿದಂತೆ ಡ್ರಮ್ಮು ಎರಡರಷ್ಟು ಏಳುವುದು, ನಾನು ಎರಡರಷ್ಟು ಅಂಜುವುದು. ಮಧ್ಯೆ ಅವಳು ಮೊದಲಿನಂತೆ ಕುಳ್ಳಿನ ಒಲೆ ಊದುತ್ತ ಕೆಮ್ಮುವುದು. ಆ ಕೆಮ್ಮು ಕೇಳಿದಾಗೆಲ್ಲ ಇವತ್ತು ಹೇಳಿಬಿಡೋಣ ಎನಿಸುತ್ತಿತ್ತು. ಹೇಳಲೂ ಅಂಜಿಕೆ. ಸರ್ಕಾರ ಇಟ್ಟಿಗೆಗೆ, ಸಿಮೆಂಟಿಗೆ, ಡ್ರಮ್ಮಿಗೆ ಸಹಾಯಧನ ಕೊಟ್ಟಿತ್ತು. ಗಂಡಸಿನ ಎದೆಗೆ ಕೊಡುವ ಯೋಜನೆ ಯಾವ ಇಲಾಖೆಯಲ್ಲೂ ಇರಲಿಲ್ಲ.

ಅಷ್ಟರಲ್ಲಿ ಸುದ್ದಿ ಬಂತು. ಈ ಯೋಜನೆ ನಮ್ಮ ಭಾಗಕ್ಕೆ ಒಗ್ಗುತ್ತದೆಯೋ ಇಲ್ಲವೋ, ಎರಡು ಎಮ್ಮೆಯ ಮನೆಗಳಿಗೂ ನೆರವು ಕೊಡಬೇಕೋ ಬೇಡವೋ ಎಂದು ನೋಡಲು ಮೈಸೂರು ಕಡೆಯ ಸಾಹೇಬರೊಬ್ಬರು ಬರುತ್ತಾರೆ, ನನ್ನ ಮನೆಯದನ್ನೇ ನೋಡುತ್ತಾರೆ ಎಂದು. ಮಧ್ಯಾಹ್ನ ಬರಬೇಕಾದವರು ಬಿಸಿಲಿಗೆ ಹೆದರಿ ಮುಂಜಾನೆಯೇ ಬಂದರು. ಸಾಹೇಬರು ಬರುವ ದಿನವೆಂದು ಶಾಂತಮ್ಮ ನನಗಿಂತ ಮುಂಚೆಯೇ ಎದ್ದು ಹಿತ್ತಿಲು ಸೇರಿದ್ದಳು; ನನ್ನ ಬೇವಿನ ಕಡ್ಡಿ ಇನ್ನೂ ಬಾಯಲ್ಲೇ ಇತ್ತು, ವಾಲ್ವು ತಿರುಗಿಸಿರಲಿಲ್ಲ. ಜೀಪು ಬಾಗಿಲಿಗೇ ಬಂದು ನಿಂತಿತು.

"ಏನ್ರೀ, ಕಟ್ಟಿ ಇಷ್ಟು ದಿನ ಆಯ್ತು, ಯಾಕ್ರೀ ಒಲೆ ಉರೀತಿಲ್ಲ?" ಎಂದರು ಬಾಗಿಲಲ್ಲೇ.

ಶಾಂತಮ್ಮನ ಮಾತೇ ನನ್ನ ಬಾಯಿಗೆ ಬಂತು. "ಹೆಂಡಿ ಸಾಲವಲ್ದು ಸರ್."

ಸಾಹೇಬರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಹೆಂಡ್ತಿ ಸಾಲ್ತಿಲ್ವಾ?"

"ಹೌದ್ರಿ. ಒಂದ ಮನೀದು ಎಲ್ಲಿ ಸಾಲ್ತದ್ರಿ? ಅದಕ್ಕ ಬಾಜೂ ಮನಿ ಬಸಣ್ಣಂದೂ ತರಾಕತ್ತೀವ್ರಿ."

"ಬಸಣ್ಣ ಸುಮ್ನಿರ್ತಾನೇನ್ರೀ?"

"ಅವನೇ ಕರ್ದು ಕೊಡ್ತಾನ್ರಿ. ದಿನಾ ಮುಂಜಾನಿ ಬುಟ್ಟ್ಯಾಗ ಹೊತ್ಕೊಂಡು ಬರೂದು, ನೀರು ಹಾಕಿ ಕಲಸೂದು, ಗುಂಡಿಗೆ ಹಾಕೂದು."

ಸಾಹೇಬರು ಎರಡು ಹೆಜ್ಜೆ ಜೀಪಿನ ಕಡೆಗೆ ಸರಿದರು. ಅದೇ ಹೊತ್ತಿಗೆ ಶಾಂತಮ್ಮ ಹಿತ್ತಿಲಿನಿಂದ ಸಗಣಿ ಕೈಯಲ್ಲೇ ಬುಟ್ಟಿ ಹಿಡಿದು ಓಡಿ ಬಂದಳು. "ಸಾಹೇಬ್ರ, ನೋಡ್ ಬರ್ರಿ! ಇವತ್ತ ಡ್ರಮ್ಮು ಎದ್ದದ!" ಅವಳ ಕೈ ನೋಡಿ, ಬುಟ್ಟಿ ನೋಡಿ, ಹೆಂಡಿ ಎಂದರೇನೆಂದು ಸಾಹೇಬರಿಗೆ ಹೊಳೆಯಿತು. ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ, ಆದರೆ ನನ್ನ ಕಣ್ಣು ಆ ಡ್ರಮ್ಮಿನ ಮೇಲೇ ಇತ್ತು. ಶಾಂತಮ್ಮ ಕೈ ತೊಳೆದು ಕಡ್ಡಿಪೆಟ್ಟಿಗೆ ತೆಗೆದಳು. ನಾನು ಗೋಡೆಗೆ ಒರಗಿ ಕಣ್ಣು ಮುಚ್ಚಿದೆ. ಮನೆದೇವರನ್ನು ನೆನೆದೆ, ಹೆಂಡತಿಯನ್ನು ನೆನೆಯಲಿಲ್ಲ, ಇದೂ ತಪ್ಪೊಪ್ಪಿಗೆಯೇ. ಕಣ್ಣು ತೆರೆದಾಗ ಒಲೆಯಲ್ಲಿ ನೀಲಿ ಉರಿ, ಹೂವಿನಂತೆ, ಹೊಗೆಯಿಲ್ಲದೆ, ಸದ್ದಿಲ್ಲದೆ ಉರಿಯುತ್ತಿತ್ತು. ಸಾಹೇಬರು ಆ ಉರಿಯಲ್ಲಿ ಕಾಸಿದ ಚಹಾ ಕುಡಿದರು.

ಕುಡಿದು ಕೇಳಿದರು: "ಇಷ್ಟು ಚೆನ್ನಾಗಿ ಉರಿಯೋದು ಇಷ್ಟು ದಿನ ಯಾಕೆ ಉರೀಲಿಲ್ಲಮ್ಮಾ?" ಶಾಂತಮ್ಮ ಹಿತ್ತಿಲ ಕಡೆ ತಿರುಗಿ ನೋಡಿದಳು. ಡ್ರಮ್ಮೆಲ್ಲ ತುಕ್ಕು ಹಿಡಿದಿತ್ತು. ವಾಲ್ವಿನ ಹಿಡಿ ಮಾತ್ರ ದಿನಾ ಬೆಳಗಿದ ಹಿತ್ತಾಳೆಯ ಚಂಬಿನಂತೆ ಹೊಳೆಯುತ್ತಿತ್ತು. ಅದರ ಬುಡದಲ್ಲಿ ಅಗಿದು ಎಸೆದ ಬೇವಿನ ಕಡ್ಡಿಗಳ ರಾಶಿ. ಅವಳು ಕಡ್ಡಿಗಳನ್ನು ನೋಡಿದಳು, ನನ್ನನ್ನು ನೋಡಿದಳು. ನನ್ನ ಬಾಯಲ್ಲಿ ಇನ್ನೂ ಒಂದು ಇತ್ತು. ಗಂಡನ ನೌಕರಿ ಒಂದು ಮಾತಿನ ಮೇಲೆ ನಿಂತಿದೆ ಎಂದು ಅವಳಿಗೆ ತಿಳಿಯಿತು. "ಎರಡು ಎಮ್ಮೀದು ಸಾಲಂಗಿಲ್ರಿ ಸಾಹೇಬ್ರ" ಎಂದಳು, "ಬಸಣ್ಣನವರದೂ ಹಾಕಿದ ಮ್ಯಾಲೆ ಇವತ್ತ ಬಂತ್ರಿ."

ಸಾಹೇಬರು ಅದನ್ನೇ ಬರೆದುಕೊಂಡು ಹೋದರು. ಎರಡು ಎಮ್ಮೆಯ ಮನೆಗಳಿಗೆ ನಮ್ಮ ಭಾಗದಲ್ಲಿ ನೆರವು ಬೇಡವೆಂದು ತೀರ್ಮಾನವಾಯಿತು. ಉಳ್ಳವರಿಗೆ ಬಂತು, ದುರುಗವ್ವನಿಗೆ ಬರಲಿಲ್ಲ. ನಮ್ಮ ಮನೆಯಲ್ಲಿ ಮಾತ್ರ ಆವತ್ತಿನಿಂದ ಎರಡೇ ಎಮ್ಮೆಯ ಹೆಂಡಿಯಿಂದ ಎರಡು ಹೊತ್ತಿನ ಅಡುಗೆ ಆಗತೊಡಗಿತು. ಶಾಂತಮ್ಮ ಕೆಮ್ಮುವುದು ನಿಂತಿತು. ವಾಲ್ವಿನ ಬುಡದ ಬೇವಿನ ಕಡ್ಡಿಗಳನ್ನೆಲ್ಲ ಗುಡಿಸಿ ತಂದು ನನ್ನ ಚಪ್ಪಲಿಯ ಪಕ್ಕ ರಾಶಿ ಹಾಕಿದಳು.

ಒಮ್ಮೆ ದುರುಗವ್ವ ಹುಡುಕಿಕೊಂಡು ಮನೆಗೇ ಬಂದಳು. ಕೆಂಪು ಕಣ್ಣಿನಿಂದ ನೀಲಿ ಉರಿಯನ್ನು ಬಹಳ ಹೊತ್ತು ನೋಡಿದಳು. "ನಿಮ್ಮವೂ ಎರಡ ಎಮ್ಮಿ, ನಮ್ಮವೂ ಎರಡ. ನಿಮಗ ಸಾಲ್ತದ, ನಮಗ ಯಾಕ ಸಾಲಂಗಿಲ್ರಿ ಯಪ್ಪಾ?" ಆಗಲಾದರೂ ನಿಜ ಹೇಳಬಹುದಿತ್ತು. ಹೇಳಿದರೆ ನೌಕರಿ ಹೋದೀತು ಎಂದು ಅಂಜಿ, "ನಿಮ್ಮ ಎಮ್ಮಿ ಬಡಕಲು ಅದಾವ ಯವ್ವಾ" ಎಂದೆ. ಅವಳು ನಂಬಿದಳು. ಸರ್ಕಾರದವರ ಮಾತು ಎಂದು ನಂಬಿದಳು. ಸಂತೆಯಲ್ಲಿ ಸಿಕ್ಕಾಗ ದೂರದಿಂದಲೇ ಕೂಗಿದಳು: "ಯಪ್ಪಾ, ಹಿಂಡಿ ತಿನಿಸಾಕತ್ತೀನ್ರಿ! ಹಿಂಡಿ ಹಾಕಿದ್ರ ಹೆಂಡಿ ಬರ್ತದ! ಎಮ್ಮಿ ಹೆಂಗ ಆಗ್ಯಾವ, ಬಂದು ನೋಡ್ರಿ!" ತನ್ನ ಹೊಟ್ಟೆ ಕಟ್ಟಿ ಎಮ್ಮೆಗೆ ಹಿಂಡಿ ಹಾಕುತ್ತಿದ್ದಾಳೆ ಎಂಬುದು ಅವಳ ಕೆನ್ನೆ ನೋಡಿದರೆ ತಿಳಿಯುತ್ತಿತ್ತು. ನಾನು ಬದನೆಕಾಯಿ ಆರಿಸುವ ನೆಪದಲ್ಲಿ ಬಗ್ಗಿದವನು ಅವಳು ಹೋಗುವ ತನಕ ಏಳಲಿಲ್ಲ.

ಆ ಕೂಗಿಗೆ ಅಂಜಿದಷ್ಟು ನಾನು ಡ್ರಮ್ಮಿಗೂ ಅಂಜಿರಲಿಲ್ಲ. ಕೊನೆಗೆ ದಮ್ಮಯ್ಯ ದತ್ತಯ್ಯ ಎಂದು ಮೇಲಿನವರ ಕಾಲು ಹಿಡಿದು ಮಾನ್ವಿಗೆ ವರ್ಗ ಮಾಡಿಸಿಕೊಂಡೆ. ಕಾರಣ ಕೇಳಿದವರಿಗೆಲ್ಲ ದೇವದುರ್ಗದ ನೀರು ಒಗ್ಗಲಿಲ್ಲ ಎಂದೆ. ಸಾಮಾನು ಕಟ್ಟುವಾಗ ಶಾಂತಮ್ಮ ಒಲೆಯ ಮುಂದೆ ಕೂತಿದ್ದಳು. ನಾನು ಬಂದು ನಿಂತದ್ದು ನೋಡಿ, ತಲೆ ಎತ್ತದೆ ಕೇಳಿದಳು:

"ಮಾನ್ವ್ಯಾಗ ಯಾರೂ ಎಮ್ಮಿ ಕಟ್ಟಂಗಿಲ್ಲೇನ್ರಿ?"