ನಡೆದಷ್ಟೂ ತುಂಬಿದ ಚೀಲ

ನಮ್ಮ ಕಡೆ ಸುಮ್ಮನೆ ನಡೆಯುವಂತಿಲ್ಲ, ಅದಕ್ಕೊಂದು ಕಾರಣ ಬೇಕು. ಬೆಳಿಗ್ಗೆ ಬೀದರ ಕೋಟೆಯ ಕಡೆ ಬಿರುಸಾಗಿ ನಡೆದರೆ ಸಕ್ಕರೆ ಕಾಯಿಲೆ ಎಂದು ಜನ ಅರ್ಥ ಮಾಡಿಕೊಳ್ಳುತ್ತಾರೆ. ಬರಿಗಾಲಲ್ಲಿ ನಡೆದರೆ ಹರಕೆ. ಅಳುತ್ತ ನಡೆದರೆ ಮನೆಯಲ್ಲಿ ಜಗಳ. ಆದರೆ ಅರವತ್ತರ ಹೊಸ್ತಿಲಲ್ಲಿರುವ ಇಬ್ಬರು ಹೆಂಗಸರು ಬೆನ್ನಿಗೆ ಚೀಲ ಏರಿಸಿಕೊಂಡು, ನಗುನಗುತ್ತ, ಬೀದರಿನಿಂದ ಭಾಲ್ಕಿ, ಠಾಣಾ ಕುಶನೂರ, ಔರಾದ ದಾಟಿ ಡಾಬಕಾದವರೆಗೆ ಐದು ದಿನ ನಡೆಯುತ್ತೇವೆ ಎಂದರೆ ಅದನ್ನು ಯಾವ ಲೆಕ್ಕಕ್ಕೆ ಸೇರಿಸಬೇಕೋ ಯಾರಿಗೂ ತಿಳಿಯುವುದಿಲ್ಲ. ಅದೂ ಹೆಂಗಸರಿಗೆ ಬಸ್ಸು ಪುಕ್ಕಟೆಯಾಗಿರುವ ಈ ಕಾಲದಲ್ಲಿ! ಮೊದಲ ದಿನವೇ ಬೈಕು ನಿಲ್ಲಿಸಿದ ಒಬ್ಬ ಹಿರಿಯರು ಬಹಳ ಕಳಕಳಿಯಿಂದ ಕೇಳಿದರು: “ಆಧಾರ್ ಕಾರ್ಡ್ ಮನ್ಯಾಗ ಬಿಟ್ಟು ಬಂದೀರೇನ್ರಿ ಅಕ್ಕೋರ?”

ಕಾರಣ ಇತ್ತು. ಕಾರಣದ ಹೆಸರು ಕಾಶಿಬಾಯಿ. ಅವಳು ನನ್ನ ಬಾಲ್ಯದ ಗೆಳತಿ. ಇಬ್ಬರ ತವರೂ ಡಾಬಕಾ. ಪಕ್ಕದ ಊರಿನ ಹೈಸ್ಕೂಲಿಗೆ ದಿನವೂ ಜೊತೆಯಾಗಿ ನಡೆದವರು ನಾವು. ದಾರಿಯಲ್ಲಿ ಯಾರದೋ ಹೊಲದ ಹಸಿ ತೊಗರಿಕಾಯಿ ಬಿಡಿಸಿ ತಿನ್ನುತ್ತಿದ್ದೆವು. ಇಬ್ಬರ ನಡುವೆ ಒಂದೇ ಜೊತೆ ಚಪ್ಪಲಿ. ಹೋಗುವಾಗ ಅವಳ ಕಾಲಿಗೆ, ಬರುವಾಗ ನನ್ನ ಕಾಲಿಗೆ. ಬರುವ ಹೊತ್ತಿಗೆ ನೆಲ ಕಾದು ಹಂಚಾಗಿರುತ್ತಿತ್ತು. ಈ ಹಂಚಿಕೆಯನ್ನು ಮಾಡಿದವಳು ನಾನೇ ಎಂಬುದನ್ನು ಈಗ ಒಪ್ಪಿಕೊಳ್ಳುತ್ತೇನೆ. ಆಮೇಲೆ ಇಬ್ಬರೂ ಬೀದರಿಗೇ ಸೊಸೆಯರಾಗಿ, ಒಂದೇ ಓಣಿಗೆ ಬಂದೆವು. ನಾನು ಶಾಲೆಯಲ್ಲಿ ಅಕ್ಕೋರಾಗಿ ಮೂವತ್ತು ವರ್ಷ ಮಕ್ಕಳಿಗೆ ಬುದ್ಧಿ ಹೇಳಿ ನಿವೃತ್ತಳಾದೆ. ಕಾಶಿಯ ಗಂಡ ಮೂರು ವರ್ಷದ ಹಿಂದೆ ತೀರಿಕೊಂಡರು. ಮೊದಲ ವರ್ಷ ಹೇಗೋ ಓಡಾಡಿಕೊಂಡೇ ಇದ್ದಳು. ಆಮೇಲೆ ಮನೆಯ ಹೊಸ್ತಿಲು ದಾಟುವುದನ್ನೇ ಬಿಟ್ಟಳು. ಕರೆದರೆ ಮೊಣಕಾಲು ಎನ್ನುವಳು, ತಲೆ ಎನ್ನುವಳು. ದುಃಖ ಕೆಲವರಿಗೆ ತಡವಾಗಿ ಹತ್ತುತ್ತದೆ ಎಂದು ನಾನು ನಮ್ಮ ಯಜಮಾನರಿಗೆ ವಿವರಿಸಿದ್ದೆ. ಅವಳನ್ನು ಹಳೆಯ ಕಾಶಿಯನ್ನಾಗಿ ಮಾಡಲು ಹಳೆಯ ಹಾಗೆ ನಡೆಸಬೇಕು ಎಂದು ನಾನೇ ತೀರ್ಮಾನಿಸಿ, ಒಂದು ತಿಂಗಳು ಬೆನ್ನು ಹತ್ತಿ ಒಪ್ಪಿಸಿದೆ. ನಡುವೆ ಎಲ್ಲಾದರೂ ಅವಳು ಬಸ್ಸು ಹತ್ತಿದರೆ ಮತ್ತೆ ಆ ಹೊಸ್ತಿಲ ಒಳಗೇ ಸೇರಿಬಿಡುತ್ತಾಳೆ ಎಂಬುದು ನನ್ನ ಭಯ.

ನನ್ನ ಮಗಳು ಸವಿತಾ ದೂರ ನಡೆಯುವವರ ವಿಡಿಯೋಗಳನ್ನು ನೋಡಿ ನಮ್ಮ ಚೀಲ ಕಟ್ಟಿಕೊಟ್ಟಳು. ಚೀಲ ಹಗುರವಿರಬೇಕಂತೆ, ಒಂದೊಂದು ಗ್ರಾಮೂ ಲೆಕ್ಕವಂತೆ. ಹಲ್ಲುಜ್ಜುವ ಬ್ರಷ್ಷಿನ ಹಿಡಿಕೆಯನ್ನೂ ಅರ್ಧಕ್ಕೆ ಕತ್ತರಿಸಿದಳು. ಎರಡು ಸೀರೆ, ಒಂದು ಟವೆಲು, ನೀರಿನ ಬಾಟಲಿ, ಶೇಂಗಾ ಚಟ್ನಿ, ಕಡಕ್ ರೊಟ್ಟಿ. ಬೀದರ ಬಿಡುವಾಗ ಚೀಲ ಬೆನ್ನ ಮೇಲಿದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳಬೇಕಿತ್ತು. ಆದರೆ ಆ ವಿಡಿಯೋ ಮಾಡಿದವರು ಯಾರೂ ಬೀದರ ಜಿಲ್ಲೆಯಲ್ಲಿ ಮುತ್ತೈದೆಯಾಗಿ ನಡೆದವರಲ್ಲ.

ಮೊದಲ ರಾತ್ರಿ ಉಳಿದದ್ದು ನಮ್ಮ ಚಿಕ್ಕಮ್ಮನ ಮನೆಯಲ್ಲಿ. ಬೆಳಿಗ್ಗೆ ಹೊರಟಾಗ, ಹಾಂಗ ಖಾಲಿ ಕೈಲೆ ಹೋಗಬಾರದೆಂದು ಚಿಕ್ಕಮ್ಮ ಉಡಿ ತುಂಬಿದಳು. ಅಕ್ಕಿ, ಒಂದು ತೆಂಗಿನಕಾಯಿ, ಉತ್ತತ್ತಿ, ಅರಿಶಿನ ಕೊಂಬು, ಒಂದು ಬ್ಲೌಸ್ ಪೀಸು. ಉಡಿಯನ್ನು ಬೇಡ ಎನ್ನುವ ಎದೆ ಯಾವ ಹೆಂಗಸಿಗಿದೆ? ದಾರಿಯಲ್ಲಿ ನಾವು ನೀರು ಕೇಳಿದ ಮನೆಯವರೂ, ನಾನು ತವರಿಗೆ ನಡೆದು ಹೋಗುತ್ತಿದ್ದೇನೆ ಎಂದು ತಿಳಿದು ಕಣ್ಣಲ್ಲಿ ನೀರು ತಂದುಕೊಂಡು ಉಡಿ ತುಂಬಿದರು. ಭಾಲ್ಕಿ ತಲುಪುವ ಹೊತ್ತಿಗೆ ನನ್ನ ಬೆನ್ನ ಮೇಲೆ ನಾಲ್ಕು ತೆಂಗಿನಕಾಯಿ, ಎರಡು ಸೇರಿನಷ್ಟು ಅಕ್ಕಿ, ಜನ್ಮದಲ್ಲಿ ಯಾರೂ ಹೊಲಿಸದ ಬಣ್ಣದ ನಾಲ್ಕು ಬ್ಲೌಸ್ ಪೀಸು. ಭಾಲ್ಕಿಯಲ್ಲಿ ನನ್ನ ಹಳೆಯ ಸಹೋದ್ಯೋಗಿಯ ಮನೆಯಲ್ಲಿ ಒಂದು ಉಪಾಯ ಹೂಡಿದೆ. ಅವರು ತಟ್ಟೆ ತರುವ ಮೊದಲೇ ನನ್ನದೊಂದು ಕಾಯಿ ತೆಗೆದು ನಾನೇ ಅವರ ಉಡಿಗೆ ಹಾಕಿಬಿಟ್ಟೆ. ಮನೆಗೆ ಬಂದವಳಿಂದ ಉಡಿ ತುಂಬಿಸಿಕೊಂಡು ಸುಮ್ಮನೆ ಕಳಿಸಲಾದೀತೇ? ನನಗೆ ಎರಡು ಕಾಯಿ ಬಂದವು. ಮೇಲೆ ಒಂದು ಕುಂಬಳಕಾಯಿಯನ್ನೂ ಎತ್ತಿ ತಂದಿದ್ದರು. ಅದನ್ನು ಮಾತ್ರ ಕಾಲಿಗೆ ಬಿದ್ದು ತಪ್ಪಿಸಿಕೊಂಡೆ.

ಕಾಶಿ ನಕ್ಕಳು. ದಾರಿಯುದ್ದಕ್ಕೂ ನನ್ನ ನರಳಾಟಕ್ಕೆ ನಕ್ಕಳು. ಅವಳ ನಗು ಕೇಳಿ ನನಗೆಷ್ಟು ಸಂತೋಷವಾಯಿತೆಂದರೆ, ಇನ್ನೊಂದು ಕಾಯಿ ಬಂದರೂ ಬರಲಿ ಎನ್ನಿಸಿತು. ಒಣಗಿದ ತೊಗರಿ ಹೊಲಗಳ ನಡುವೆ ನಮ್ಮ ಗಣಿತದ ಮಾಸ್ತರರ ನಡಿಗೆಯನ್ನು ಅವಳು ಮಾಡಿ ತೋರಿಸಿದಾಗ ನಾವು ಮತ್ತೆ ಎಂಟನೆಯ ತರಗತಿಯಲ್ಲಿದ್ದೆವು. ನಾನೂ ಅವಳನ್ನು ಚೇಷ್ಟೆ ಮಾಡಿದೆ. ಹೋದ ಮನೆಯಲ್ಲೆಲ್ಲ, ಇನ್ನೇನು ಹೊರಡಬೇಕು ಎನ್ನುವಾಗ, ಇವಳು ಕಾಲು ತೊಳೆಯಲು ಹಿತ್ತಲಿಗೆ ಹೋಗುತ್ತಿದ್ದಳು. ಹೀಗೆ ತೊಳೆದರೆ ಡಾಬಕಾ ಮುಟ್ಟುವುದರೊಳಗೆ ಪಾದವೇ ಸವೆದು ಹೋಗುತ್ತದೆ ಎಂದು ನಾನು ಎರಡು ದಿನ ಹಾಸ್ಯ ಮಾಡಿದೆ. ಅವಳು ಅದಕ್ಕೂ ನಕ್ಕಳು.

ಠಾಣಾ ಕುಶನೂರದಲ್ಲಿ ನನ್ನ ಗಂಡನ ದೊಡ್ಡಪ್ಪನ ಮಗಳ ಮನೆ. ಆಕೆ ದೊಡ್ಡ ಶರಣೆ. ರಾತ್ರಿ ಊಟಕ್ಕೆ ಬಡಿಸುತ್ತ, ಮೇಲು ಕೀಳು ಎನ್ನುವುದೆಲ್ಲ ಮನುಷ್ಯರು ಮಾಡಿದ್ದು ಎಂದು ನಮಗೆ ಚೆನ್ನಾಗಿ ತಿಳಿಸಿ ಹೇಳಿದರು. ಬೆಳಿಗ್ಗೆ ಉಡಿಯ ತಟ್ಟೆ ಹಿಡಿದು ಬಂದರು. ತಟ್ಟೆ ಬಾಗಿಲಲ್ಲಿ ಕಾಣಿಸಿತು, ಕಾಶಿ ಎದ್ದಳು. ಅವತ್ತು ಹಿತ್ತಲ ಬಾಗಿಲಿಗೆ ಚಿಲಕ ಹಾಕಿತ್ತು. ಅವಳು ಅಲ್ಲೇ ಗೋಡೆಯ ಕಡೆ ಮುಖ ಮಾಡಿ ಕ್ಯಾಲೆಂಡರು ನೋಡುತ್ತ ನಿಂತಳು. ತಟ್ಟೆ ಅವಳನ್ನು ದಾಟಿ ನನ್ನ ಹತ್ತಿರ ಬಂತು. ಅವಳ ಕಾಲು ತೊಳೆಯುವ ಹೊತ್ತು ಯಾವುದೆಂದು ನನಗೆ ಆಗ ತಿಳಿಯಿತು. ಎರಡು ದಿನ ಬೆನ್ನ ಭಾರದ್ದೇ ಪುರಾಣ ಹೇಳಿದವಳು ಪಕ್ಕದವಳ ಚೀಲ ಯಾಕೆ ಹಗುರವಾಗಿಯೇ ಇದೆ ಎಂದು ಒಮ್ಮೆಯೂ ಕೇಳಿರಲಿಲ್ಲ. ನಾಚಿಕೆಯಾಯಿತು.

ಔರಾದದ ದಾರಿ ಹಿಡಿದೆವು. ಬಹಳ ದೂರ ನಡೆದ ಮೇಲೆ ಕಾಶಿ ಹೇಳಿದಳು: “ಔರಾದದಾಗ ನಾ ಬಸ್ ಹತ್ತತೇನಿ. ನೀ ಮುಂದ ನಡಿ. ಡಾಬಕಾದಾಗ ಓಣಿ ಮಂದಿ ಎಲ್ಲಾ ನಿನಗ ಉಡಿ ತುಂಬಾಕ ಬರ್ತಾರ. ಎಷ್ಟ ಸಲ ಕಾಲ ತೊಳಕೊಳ್ಳಲಿ ನಾ?”

ರಸ್ತೆಯ ಪಕ್ಕದ ಬೇವಿನ ಮರದ ಕೆಳಗೆ ಅವಳನ್ನು ಕೂಡಿಸಿ, ಚೀಲ ಬಿಚ್ಚಿ, ಅಕ್ಕಿ ಕಾಯಿಗಳನ್ನೆಲ್ಲ ಹರವಿಕೊಂಡು ಭಾಷಣ ಶುರು ಮಾಡಿದೆ. ಈ ಜನಕ್ಕೆ ಬುದ್ಧಿಯಿಲ್ಲ, ಓದಿದರೂ ಇಷ್ಟೇ, ಶರಣರ ಹೆಸರು ಹೇಳುವುದು ಬಾಯಿ ಮಾತಿಗೆ, ಇವತ್ತು ನಾನೇ ನಿನ್ನ ಉಡಿ ತುಂಬುತ್ತೇನೆ, ಯಾರು ಏನು ಅನ್ನುತ್ತಾರೋ ನೋಡೋಣ ಎಂದೆ. ಕೇಳುವವರು ಯಾರೂ ಇರಲಿಲ್ಲ, ಆದ್ದರಿಂದ ಧೈರ್ಯ ಚೆನ್ನಾಗಿಯೇ ಇತ್ತು.

ಕಾಶಿ ಎಲ್ಲವನ್ನೂ ಕೇಳಿಸಿಕೊಂಡಳು. “ನಿಮ್ಮ ಸವಿತಾನ ಕುಬುಸ ನೆನಪದ ಏನು?” ಎಂದಳು.

ನನ್ನ ಮಗಳ ಸೀಮಂತ ಹೇಗೆ ಮರೆಯುತ್ತೇನೆ?

“ಅಡಿಗಿ ಮನಿ ನೀನೇ ನೋಡ್ಕೋ ಕಾಶಿ, ನಿನ್ನ ಮ್ಯಾಲ ಇದ್ದಷ್ಟು ಭರವಸಾ ನನಗ ಯಾರ ಮ್ಯಾಲೂ ಇಲ್ಲ ಅಂದಿ. ಹೊರಗ ಉಡಿ ತುಂಬೋ ಹಾಡು ಮುಗಿಯೋತನಾ ನಾ ಹೋಳಿಗಿ ಬೇಯಿಸಿದೆ. ಅವತ್ತಿನಿಂದ ನಾ ಯಾರ ಮನಿಗೂ ಹೋಗಿಲ್ಲ.”

ಮೂವತ್ತು ವರ್ಷ ಮಕ್ಕಳ ಪ್ರಶ್ನೆಗಳಿಗೆ ಥಟ್ಟನೆ ಉತ್ತರ ಕೊಟ್ಟ ನಾನು ಉತ್ತರ ಹುಡುಕಿದೆ. ಅತ್ತೆಯ ಮೇಲೆ ಹಾಕೋಣವೆಂದರೆ ಅವರು ತೀರಿಹೋಗಿ ಹನ್ನೆರಡು ವರ್ಷ. ಬೀಗರು ಏನೆಂದುಕೊಳ್ಳುತ್ತಾರೋ ಎಂದು ಹೆದರಿದ್ದೆ ಎನ್ನೋಣವೆಂದರೆ, ಬೀಗರು ಏನೂ ಅಂದಿರಲಿಲ್ಲ, ಯೋಚಿಸಿದವಳು ನಾನೇ. ನನ್ನ ಗೆಳತಿಯನ್ನು ಹೊಸ್ತಿಲೊಳಗೆ ಕೂಡಿಸಿದವಳೂ ನಾನು, ಅವಳ ಕಾಯಿಲೆಗೆ ಮದ್ದು ಹುಡುಕಿ ಐದು ದಿನ ನಡೆಸಲು ಹೊರಟವಳೂ ನಾನು.

“ತಪ್ಪಾತು ಕಾಶಿ” ಎಂದೆ. ಅದಕ್ಕಿಂತ ಉದ್ದದ ವಾಕ್ಯ ಬರಲಿಲ್ಲ.

ಅಷ್ಟರಲ್ಲಿ ಔರಾದದ ಬಸ್ಸು ಬಂತು. ನಾವು ಕೈ ಮಾಡದಿದ್ದರೂ ಮುದುಕಿಯರು ದಣಿದಿದ್ದಾರೆಂದು ತಾನಾಗಿಯೇ ನಿಂತಿತು. ಕಾಶಿ ಎದ್ದು ನಿಂತಳು. ನಾನು ಅವಳ ಕಾಲುಗಳನ್ನೇ ನೋಡುತ್ತಿದ್ದೆ. ಅವಳು ಬಸ್ಸನ್ನು ನೋಡಿದಳು, ನನ್ನನ್ನು ನೋಡಿದಳು, ಹರವಿದ ಅಕ್ಕಿ ಕಾಯಿಗಳನ್ನು ನೋಡಿದಳು. ಆಮೇಲೆ ಕಂಡಕ್ಟರನಿಗೆ ಹೋಗೆಂದು ಕೈ ಬೀಸಿದಳು.

ಸೆರಗು ಒಡ್ಡಿದಳು. ನಾನು ಐದು ಹಿಡಿ ಅಕ್ಕಿ ಹಾಕಿದೆ, ಉತ್ತತ್ತಿ, ಅರಿಶಿನ, ಒಂದು ಕಾಯಿ ಹಾಕಿದೆ. ಕಣ್ಣು ಮಂಜಾಗಿತ್ತು. ಆ ಭರದಲ್ಲೇ ಎರಡನೆಯ ಕಾಯಿಯನ್ನೂ ಎತ್ತಿದೆ.

ಕಾಶಿ ನನ್ನ ಕೈ ಹಿಡಿದಳು. “ಒಂದು ಸಾಕು. ಉಳಿದದ್ದ ನೀನೇ ಹೊರು.”

ಸೆರಗು ಗಂಟು ಕಟ್ಟಿಕೊಂಡು ಮುಂದೆ ನಡೆದಳು. ನಾನು ಉಳಿದದ್ದನ್ನೆಲ್ಲ ತುಂಬಿಕೊಂಡು ಹಿಂದೆ ನಡೆದೆ. ಡಾಬಕಾ ಮುಟ್ಟುವವರೆಗೂ ಹೊತ್ತೆ, ಒಮ್ಮೆಯೂ ನರಳಲಿಲ್ಲ. ಎರಡನೆಯ ಕಾಯಿಗೆ ಕೈ ಹಾಕಿದ್ದು ಪ್ರೀತಿ ಹೆಚ್ಚಾಗಿಯೋ, ಬೆನ್ನು ನೋವು ಹೆಚ್ಚಾಗಿಯೋ ಎಂದು ನಾನು ಈಗಲೂ ಯೋಚಿಸುತ್ತೇನೆ. ಕಾಶಿಗೆ ಮಾತ್ರ ಆ ಬಗ್ಗೆ ಯಾವ ಸಂಶಯವೂ ಇರಲಿಲ್ಲ.